ಕಾಸರವಳ್ಳಿ ಸಿನಿಮಾದಲ್ಲಿ ‘ಸಮಸ್ಯೆ’ ಹುಡುಕುವವರಿಗೆ

ಪಿಎಚ್.ಡಿ. ಪ್ರಗತಿ ಪರಿಶೀಲನೆಯ ದಿನ ನನಗೆ ಬಿದ್ದ ಮೊದಲ ಪ್ರಶ್ನೆ: ‘ನಿಮ್ಮ ಸಂಶೋಧನಾ ಸಮಸ್ಯೆ ಯಾವುದು?’ ಗಿರೀಶ್ ಕಾಸರವಳ್ಳಿಯವರ ಸಿನಿಮಾಗಳಲ್ಲಿ ಗಂಡ ಹೆಂಡತಿ ಒಬ್ಬರಿಂದೊಬ್ಬರು ಎಷ್ಟು ದೂರ ಕೂರುತ್ತಾರೆ, ಆ ದೂರ ಯಾವಾಗ ಹೆಚ್ಚುತ್ತದೆ, ಯಾವಾಗ ಕಡಿಮೆಯಾಗುತ್ತದೆ ಅನ್ನುವುದು ಎಂದೆ. ಎದುರಿಗಿದ್ದ ಮೂವರೂ ನಕ್ಕರು. ಒಬ್ಬರು ಪ್ರೀತಿಯಿಂದಲೇ ಹೇಳಿದರು: ‘ನೀವು ಕೂಡ್ಲಿಗಿ ಕಡೆಯವರು. ಗುಳೆ ಸಮಸ್ಯೆ ತಗೊಳ್ಳಿ. ಆಪ್ತತೆ, ಅಗಲಿಕೆ ಇವೆಲ್ಲ ಹೊಟ್ಟೆ ತುಂಬಿದವರ ವಿಷಯ.’

ಆ ಕೊನೆಯ ವಾಕ್ಯದ ಮೇಲೆ ನನಗೆ ಜಗಳವಿದೆ.

ಕಾಸರವಳ್ಳಿಯವರ ಬಗ್ಗೆ ನಡೆಯುವ ವಿಚಾರ ಸಂಕಿರಣಗಳಿಗೆ ಹೋದವರಿಗೆ ಪಟ್ಟಿ ಬಾಯಿಪಾಠವಾಗಿರುತ್ತದೆ. ‘ಘಟಶ್ರಾದ್ಧ’ ಅಂದರೆ ವಿಧವಾ ಸಮಸ್ಯೆ. ‘ತಬರನ ಕಥೆ’ ಅಂದರೆ ಅಧಿಕಾರಶಾಹಿ. ‘ಮನೆ’ ನಗರೀಕರಣ, ‘ದ್ವೀಪ’ ಮುಳುಗಡೆ, ‘ಗುಲಾಬಿ ಟಾಕೀಸು’ ಜಾಗತೀಕರಣ. ನಡುವೆ ನಾಲ್ಕು ಸ್ವರ್ಣಕಮಲಗಳ ಲೆಕ್ಕ, ಚಪ್ಪಾಳೆ, ಊಟ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಇಷ್ಟು ಗೊತ್ತಿದ್ದರೆ ಸಿನಿಮಾ ನೋಡುವ ಅಗತ್ಯವೇ ಬೀಳುವುದಿಲ್ಲ. ನಮ್ಮ ಎಷ್ಟೋ ವಿದ್ಯಾರ್ಥಿಗಳು ನೋಡುವುದೂ ಇಲ್ಲ, ನೋಟ್ಸ್ ಸಾಕು.

‘ತಬರನ ಕಥೆ’ಯನ್ನೇ ತಗೊಳ್ಳಿ. ತೇಜಸ್ವಿಯವರ ಕತೆ, ಚಾರುಹಾಸನ್ ಅವರ ಮುಖ. ತಬರನಿಗೆ ಪಿಂಚಣಿ ಸಿಗುವುದಿಲ್ಲ, ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ ಎಂದು ಎಲ್ಲರೂ ಬರೆಯುತ್ತಾರೆ. ಅವನು ಅಲೆಯುವುದು ಯಾಕೆ? ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ಹಣವಿಲ್ಲದ ಗಂಡ ಕೊನೆಗೆ ಕಟುಕನ ಹತ್ತಿರ ಹೋಗಿ ಆ ಕಾಲು ಕಡಿದುಕೊಡು ಅನ್ನುತ್ತಾನೆ. ಇದನ್ನು ವ್ಯವಸ್ಥೆಯ ಕ್ರೌರ್ಯ ಎಂದು ಬರೆದು ಮುಂದಿನ ಪುಟಕ್ಕೆ ಹೋಗುವವರ ಬಗ್ಗೆ ನನಗೆ ಸಿಟ್ಟಿದೆ. ಜೊತೆಗೆ ಬಾಳಿದವಳ ಕಾಲನ್ನು ಕಡಿಸಲು ಹೊರಟ ಮನುಷ್ಯನಲ್ಲಿ ಎಷ್ಟು ಪ್ರೀತಿಯಿದೆ, ಎಷ್ಟು ಹೆದರಿಕೆಯಿದೆ? ಕಡತ ಅವರಿಬ್ಬರ ನಡುವೆ ಬಂದು ಕೂತದ್ದರಿಂದಲೇ ಅದು ಕ್ರೂರವಾಗಿದ್ದು. ಇಬ್ಬರ ನಡುವಿನದ್ದನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಅರ್ಜಿ.

ಈಗ ನಮ್ಮ ಮನೆಯ ವಿಷಯ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದನ್ನೂ ಒಟ್ಟಿಗೆ ‘ಪಶ್ಚಿಮ ತಾಲ್ಲೂಕುಗಳು’ ಅನ್ನುತ್ತಿದ್ದರು. 2021ರಿಂದ ವಿಜಯನಗರ ಜಿಲ್ಲೆ. ಜಿಲ್ಲೆ ಬದಲಾದರೂ ಮಳೆ ಬದಲಾಗಲಿಲ್ಲ, ಗುಳೆಯೂ ನಿಲ್ಲಲಿಲ್ಲ. ಮಂಡ್ಯದ ಕಬ್ಬಿನ ಗದ್ದೆ, ಚಿಕ್ಕಮಗಳೂರಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡ. ನಾನು ಎಸ್ಸೆಸ್ಸೆಲ್ಸಿ ಓದುವ ವರ್ಷ ಅಪ್ಪ ಒಬ್ಬನೇ ಕಬ್ಬು ಕಡಿಯಲು ಹೋದ, ಅವ್ವ ನನ್ನ ಪರೀಕ್ಷೆಗೆಂದು ಉಳಿದಳು. ಯುಗಾದಿಗೆ ಅಪ್ಪ ಬಂದಾಗ ಅವ್ವ ಅವನಿಗೆ ಬೀಗರಿಗೆ ಹಾಕಿದ ಹಾಗೆ ಕಂಬಳಿ ಹಾಕಿದಳು. ಎರಡು ದಿನ ಇಬ್ಬರೂ ನೇರ ಮಾತಾಡಲಿಲ್ಲ. ‘ನಿಮ್ಮಪ್ಪಗ ಕೇಳು, ಇನ್ನೊಂದು ರೊಟ್ಟಿ ಹಾಕ್ಲೇನಂತ.’ ಮೂರು ಮಾರು ದೂರದಲ್ಲಿ ಕೂತವನಿಗೆ ನನ್ನ ಮೂಲಕ ಪ್ರಶ್ನೆ. ಮೂರನೇ ದಿನ ಅಪ್ಪ ಸುತ್ತ ನೋಡಿದ. ಸೋರುತ್ತಿದ್ದ ಮಾಳಿಗೆಗೆ ಮಣ್ಣು ಬಿದ್ದಿತ್ತು, ಅಂಗಡಿ ಸಾಲ ತೀರಿತ್ತು, ಕುರಿ ಎರಡು ಮರಿ ಹಾಕಿತ್ತು. ‘ಎಲ್ಲಾ ಕೊಟ್ರೇಶನ ದಯಾ’ ಅಂದ. ಅವ್ವ ಎದ್ದು ಒಳಗೆ ಹೋದಳು.

ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ‘ದ್ವೀಪ’ (2002) ನೋಡಿದೆ. ನಾ. ಡಿಸೋಜ ಅವರ ಕಾದಂಬರಿ, ಸೌಂದರ್ಯ ಸ್ವತಃ ನಿರ್ಮಿಸಿ ನಾಗಿಯಾಗಿ ನಟಿಸಿದ್ದು. ಅಣೆಕಟ್ಟಿನ ನೀರು ಏರುತ್ತದೆ, ಊರು ಖಾಲಿಯಾಗುತ್ತದೆ, ಇವರ ಮನೆಯೊಂದು ಉಳಿಯುತ್ತದೆ. ಆ ಮಳೆಗಾಲವನ್ನು ಮೈ ಮುರಿದು ದಾಟಿಸುವವಳು ನಾಗಿ. ನೀರು ಇಳಿದಾಗ ಗಣಪ ಎಲ್ಲ ದೇವರ ಕೃಪೆ ಎಂದುಬಿಡುತ್ತಾನೆ. ಆಗ ನಾಗಿಯ ಮುಖವಿದೆಯಲ್ಲ, ಅದು ನಮ್ಮ ಅಡುಗೆಮನೆಯಲ್ಲಿ ನಾನು ನೋಡದೆ ಬಿಟ್ಟ ಮುಖ. ನೀರು ಮಾಡಲಾಗದ್ದನ್ನು ಆ ಒಂದು ಮಾತು ಮಾಡಿತು. ಇಷ್ಟು ದಿನ ಒಟ್ಟಿಗಿದ್ದ ಇಬ್ಬರು ಆ ಕ್ಷಣದಲ್ಲಿ ಬೇರೆಯಾದರು, ಮುಂದೂ ಒಂದೇ ಸೂರಿನಡಿ ಇರುತ್ತಾರೆ ಅನ್ನುವುದೇ ಅದರ ಭಯಂಕರ. ಇದಕ್ಕೆ ‘ಮುಳುಗಡೆ ಸಮಸ್ಯೆ’ ಎಂದು ಹೆಸರಿಟ್ಟವರು ನೀರನ್ನಷ್ಟೇ ನೋಡಿದ್ದಾರೆ.

ಆಮೇಲೆ ಒಂದು ರಜೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಅವ್ವನಿಗೆ ಅದನ್ನು ತೋರಿಸಿದೆ. ಇಂಥ ಸಿನಿಮಾ ಹಳ್ಳಿಯವರಿಗೆ ಅರ್ಥವಾಗಲ್ಲ ಅನ್ನುವವರು ಕೇಳಿಸಿಕೊಳ್ಳಲಿ. ಮುಗಿದ ಮೇಲೆ ಅವ್ವ ಅಂದದ್ದು: ‘ಆಕಿ ದುಡಿದದ್ದನ್ನೆಲ್ಲ ದೇವರ ಲೆಕ್ಕಕ್ಕೆ ಬರಕೊಂಡ ನೋಡು.’ ‘ದ್ವೀಪ’ದ ಬಗ್ಗೆ ಇದಕ್ಕಿಂತ ಚೆನ್ನಾದ ವಿಮರ್ಶೆಯನ್ನು ನಾನು ಓದಿಲ್ಲ. ಮುಳುಗಡೆಯ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ತುಂಗಭದ್ರಾ ಹಿನ್ನೀರಿನ ಸೀಮೆಯವರಾದ ನಮಗೆ ಅದೇನು ಹೊಸದೂ ಅಲ್ಲ.

ಎಡಪಂಥೀಯ ಗೆಳೆಯರ ತಕರಾರು ಬೇರೆ: ಸಂಬಂಧದ ಸೂಕ್ಷ್ಮಗಳನ್ನು ಹಿಡಿದು ಕೂತರೆ ಕೂಲಿಯ ಪ್ರಶ್ನೆ ಹಿಂದೆ ಸರಿಯುತ್ತದೆ. ನಾನು ಒಪ್ಪುವುದಿಲ್ಲ. ಗುಳೆ ಹೋದವನ ಕೂಲಿ ಲೆಕ್ಕ ಮಾಡುತ್ತೀರಿ, ಆರು ತಿಂಗಳ ಅವನ ರಾತ್ರಿಗಳನ್ನು ಯಾರ ಲೆಕ್ಕಕ್ಕೆ ಹಾಕುತ್ತೀರಿ? ಮುಕಾದಮನಿಂದ ಪಡೆದ ಮುಂಗಡ ಅವನ ರಟ್ಟೆಯ ಜೊತೆಗೆ ಇನ್ನೊಂದನ್ನೂ ಕೊಂಡುಕೊಂಡಿರುತ್ತದೆ. ಅದು ಯಾವ ಸಮೀಕ್ಷೆಯ ಕಾಲಂನಲ್ಲೂ ಇಲ್ಲ. ಮಧ್ಯಮ ವರ್ಗದವರಿಗೆ ಸಂಬಂಧ, ನಮಗೆ ಸಮಸ್ಯೆ ಎಂದು ಹಂಚಿದವರು ಯಾರು? ಈ ಹಂಚಿಕೆಯಲ್ಲಿ ನನಗೆ ಜಾತಿಯ ವಾಸನೆಯೂ ಬರುತ್ತದೆ. ಇರಲಿ.

ಕಾಸರವಳ್ಳಿ ಹಾಗೆ ಹಂಚಲಿಲ್ಲ. ಅಮರೇಶ ನುಗಡೋಣಿಯವರ ‘ಸವಾರಿ’ ಕತೆಯಿಂದ ಮಾಡಿದ ‘ಕನಸೆಂಬ ಕುದುರೆಯನೇರಿ’ಯಲ್ಲಿ ಗುಣಿ ತೋಡುವ ಈರ್‍ಯನ ಕನಸಿಗೆ ಸಿದ್ಧ ಬಂದರೆ ಊರಲ್ಲಿ ಸಾವು ಖಚಿತ. ಆ ನಂಬಿಕೆ ಅವನೊಬ್ಬನದಲ್ಲ, ಹೆಂಡತಿ ರುದ್ರಿಯ ಜೊತೆಗಿನ ಸಂಸಾರ ನಿಂತಿರುವುದೇ ಅದರ ಮೇಲೆ. ದೊಡ್ಡ ಮನೆಯವರು ಸಾವನ್ನು ಮುಚ್ಚಿಟ್ಟಾಗ ಒಡೆಯುವುದು ಆ ಬಡವರ ಮನೆಯೊಳಗಿನದ್ದು. ‘ಕೂರ್ಮಾವತಾರ’ವಂತೂ ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪ ಅವರ ಕತೆ. ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಮಾಡಲು ಹೊರಟ ಸರ್ಕಾರಿ ನೌಕರ. ಅದನ್ನು ಗಾಂಧಿವಾದದ ಪ್ರಸ್ತುತತೆ ಎಂದು ಓದುತ್ತಾರೆ. ಗಾಂಧಿ ವೇಷ ತೊಟ್ಟ ಮೇಲೆ ತನ್ನ ಮನೆಯವರಿಂದ ತಾನೆಷ್ಟು ದೂರವಿದ್ದೆ ಎಂದು ಕಾಣಲು ಶುರುವಾಗುವ ಮುದುಕ ನನಗೆ ಹೆಚ್ಚು ಮುಖ್ಯ.

ಹಾಗೆಂದು ಕಾಸರವಳ್ಳಿಯವರ ಮೇಲೆ ತಕರಾರಿಲ್ಲ ಎಂದಲ್ಲ. ಗಣಪನನ್ನು ಅವರು ಕೊನೆಯಲ್ಲಿ ಬೇಗ ಬಿಟ್ಟುಕೊಟ್ಟರು ಅನ್ನಿಸುತ್ತದೆ. ದೇವರ ದಯೆ ಅನ್ನುವ ಗಂಡಸು ಬರೀ ಮೂಢನಲ್ಲ. ಹೆಂಡತಿಗೆ ನೇರ ಹೇಳಲು ಬಾಯಿ ಬರದವನು ದೇವರನ್ನು ನಡುವೆ ತಂದು ಕೂರಿಸುತ್ತಾನೆ, ಅವ್ವ ರೊಟ್ಟಿಗೆ ನನ್ನನ್ನು ಕೂರಿಸಿದ ಹಾಗೆ. ಕಬ್ಬಿನ ಗರಿಯ ಗುಡಿಸಲಲ್ಲಿ ಅಪ್ಪ ಮಲಗಿದ ಆ ಆರು ತಿಂಗಳ ಸಿನಿಮಾ ಇನ್ನೂ ಯಾರೂ ಮಾಡಿಲ್ಲ.

ರಂಗಭಾರತಿಯ ನಾಟಕ ನೋಡಿದ ಹಡಗಲಿಗೆ, ಬಯಲಾಟಕ್ಕೆ ಬೆಳಗಿನವರೆಗೆ ಕೂರುವ ಹಳ್ಳಿಗಳಿಗೆ ಇವನ್ನೆಲ್ಲ ವಿವರಿಸಿ ಹೇಳಬೇಕಿಲ್ಲ, ತೋರಿಸಿದರೆ ಸಾಕು. ಕೊಟ್ಟೂರು ತೇರಿಗೆ ಗುಳೆ ಹೋದವರು ವಾಪಸ್ಸು ಬರುತ್ತಾರೆ. ಆ ವಾರ ಒಂದು ರಾತ್ರಿ ಪರದೆ ಕಟ್ಟಿ ‘ದ್ವೀಪ’ ಹಾಕಿ. ಮೊದಲು ಯಾರೂ ಭಾಷಣ ಮಾಡಬಾರದು. ಮುಗಿದ ಮೇಲೂ ಮೈಕು ನಮ್ಮಂಥ ಸಂಶೋಧಕರ ಕೈಗೆ ಬೇಡ.

ಅಧ್ಯಾಯದ ಹೆಸರು ನಾನು ಬದಲಿಸಿಲ್ಲ. ಮುಂದಿನ ಪರಿಶೀಲನೆ ಜೂನ್‌ನಲ್ಲಿದೆ.