ವೈದ್ಯರ ಮೂಲೆ: ಪ್ಲಗಿನ್‌ಗಳಿಗೂ ಬೇಕು ಪಥ್ಯ



ಪ್ರತಿ ಸಂಚಿಕೆಯಲ್ಲೂ ಈ ಮೂಲೆಯಲ್ಲಿ ಕೂತು ಸಕ್ಕರೆ ಕಾಯಿಲೆ, ಬಿ.ಪಿ., ಕೊಲೆಸ್ಟರಾಲ್ ಎಂದು ಕೊರೆದು ನಿಮ್ಮ ಒಬ್ಬಟ್ಟಿನ ರುಚಿ ಕೆಡಿಸುತ್ತೇನೆ ಎಂಬ ದೂರು ಕಾರ್ಯಕಾರಿ ಸಮಿತಿಯವರೆಗೂ ಹೋಗಿದೆಯಂತೆ! ಹಾಗಾಗಿ ಈ ಸಲ ರೋಗಿಯನ್ನೇ ಬದಲಿಸಿದ್ದೇನೆ. ಈ ಬಾರಿಯ ರೋಗಿ, ಪ್ರೋಗ್ರಾಂ ಬರೆಯುವವರು ಬಳಸುವ ಒಂದು ಎಡಿಟರ್. ನಮ್ಮ ಕೂಟದ ಸಭೆಯಲ್ಲಿ ಕಣ್ಣು ಮುಚ್ಚಿ ಕಡಲೆಪುರಿ ಎಸೆದರೂ ಅದು ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ತಲೆಯ ಮೇಲೇ ಬೀಳುತ್ತದೆ. ಅಂಥವರ ಮುಂದೆ ಡಾಕ್ಟರೊಬ್ಬ ಕಂಪ್ಯೂಟರ್ ಬಗ್ಗೆ ಮಾತಾಡುವುದು ಅಧಿಕಪ್ರಸಂಗವೇ. ಆದರೆ ಕಥೆ ಕೇಳಿದ ಮೇಲೆ ನನ್ನನ್ನು ಕ್ಷಮಿಸುತ್ತೀರಿ ಎಂದುಕೊಂಡಿದ್ದೇನೆ.

ಈ ಸಂಚಿಕೆಯಲ್ಲಿ 'ಹಳೆಯ ನೆನಪು' ಎಂಬ ವಿಭಾಗ ಮಾಡೋಣ ಎಂದು ಸಂಪಾದಕ ಮಂಡಳಿಯಲ್ಲಿ ತೀರ್ಮಾನವಾಯಿತು. ಡೆಟ್ರಾಯಿಟ್ ಕಡೆಯ ಬರಹಗಳನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ರೆಸಿಡೆನ್ಸಿ ಮಾಡಿದ್ದು ಅಲ್ಲೇ ಆದ್ದರಿಂದ ಹಳಬರ ಪರಿಚಯ ಚೆನ್ನಾಗಿದೆ. ಟ್ರಾಯ್‌ನಲ್ಲಿರುವ ಗೌಡರಿಗೆ ಫೋನ್ ಮಾಡಿದೆ. ಮಂಡ್ಯ ಕಡೆಯವರು, ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಈಗ ಎಂಬತ್ತು ದಾಟಿದೆ. "ಡಾಕ್ಟ್ರೇ, ನಾನೆಲ್ಲಿ ಬರೆದೋನು? ಬರೀತಿದ್ದೋಳು ನಮ್ಮನೆಯವಳು. ಒಂದು ಸೀಡಿ ಐತೆ, ಅದು ನಮ್ಮ ಕಂಪ್ಯೂಟರಿನಲ್ಲಿ ಓದೋಕೆ ಆಗ್ತಿಲ್ಲ. ನೀವು ಏನಾರ ಮಾಡ್ತೀರಾ ನೋಡಿ" ಎಂದರು. ಆಕೆ ತೀರಿಕೊಂಡು ಆರು ವರ್ಷವಾಯಿತು. ಮಗಳನ್ನು ನೋಡಲು ಆನ್ ಆರ್ಬರ್‌ಗೆ ಹೋದವನು ಹಾಗೇ ಟ್ರಾಯ್‌ಗೂ ಹೋಗಿ, ಆ ಸೀಡಿ ತೆಗೆದುಕೊಂಡು ಐ-94 ಹೆದ್ದಾರಿ ಹಿಡಿದು ನೇಪರ್‌ವಿಲ್‌ಗೆ ಮರಳಿದೆ.

ಸೀಡಿಯಲ್ಲಿ ಹನ್ನೊಂದು ಲೇಖನಗಳಿದ್ದವು. ಎಲ್ಲವೂ 2002ರಲ್ಲಿ ಡೆಟ್ರಾಯಿಟ್‌ನಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆದ ಆಸುಪಾಸಿನಲ್ಲಿ ಬರೆದವು. ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಕೊಂಬು, ಬಾಲ ಅಂಟಿಸಿದ ಚಿತ್ರಾನ್ನ! ಇದು ಗೊತ್ತಿರುವ ಕಾಯಿಲೆಯೇ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ನಮ್ಮ ಮನೆಗಳ ಕಂಪ್ಯೂಟರುಗಳಲ್ಲಿ ಅದು ನೆಲೆಯೂರಲು ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದು 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಆಕಾರಗಳನ್ನು ಬಾಡಿಗೆಗೆ ಇಟ್ಟಿದ್ದವು. ಫಾಂಟ್ ಹೋದರೆ ಕನ್ನಡವೂ ಹೋಯಿತು. ಇಂಥ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಈಗ ಇವೆ. ಹನ್ನೊಂದನ್ನೂ ಬದಲಿಸಿದೆ. ಅಲ್ಲಲ್ಲಿ ಅರ್ಕಾವೊತ್ತು ಸ್ಥಳ ತಪ್ಪಿತ್ತು, ಒತ್ತಕ್ಷರ ಕಳಚಿಕೊಂಡಿತ್ತು. ಒಂದೇ ಬಗೆಯ ತಪ್ಪನ್ನು ಎಲ್ಲ ಫೈಲ್‌ಗಳಲ್ಲೂ ಒಮ್ಮೆಗೇ ಹುಡುಕಿ ತಿದ್ದಲು ಪ್ರೋಗ್ರಾಮರುಗಳ ಎಡಿಟರಿನಷ್ಟು ಅನುಕೂಲ ಬೇರೆ ಇಲ್ಲ. ಮಗಳು ಕಾಲೇಜಿನಲ್ಲಿ ಬಳಸಿ ಬಿಟ್ಟುಹೋದ ಲ್ಯಾಪ್‌ಟಾಪ್‌ನಲ್ಲಿ ಅಂಥದ್ದೊಂದು ಎಡಿಟರ್ ಇತ್ತು. ಅದರಲ್ಲೇ ಕೆಲಸ ಶುರುಮಾಡಿದೆ.

ಹತ್ತು ಫೈಲ್ ಸುಸೂತ್ರವಾಗಿ ಮುಗಿದವು. ಹನ್ನೊಂದನೆಯದು ತೆರೆದ ಕೂಡಲೇ ಎಡಿಟರ್ ಧಡಕ್ಕನೆ ಮುಚ್ಚಿಹೋಯಿತು. ಮತ್ತೆ ತೆರೆದೆ, ಮತ್ತೆ ಮುಚ್ಚಿತು. ಐದು ಸಲ ಹೀಗೇ ಆಯಿತು. ಇಪ್ಪತ್ತು ವರ್ಷದ ಸೀಡಿ, ಹಾಳಾಗಿರಬೇಕು, ಇನ್ನೇನು ಎಂದುಕೊಂಡೆ. "ಗೌಡರಿಗೆ ಫೋನ್ ಮಾಡಿ ಒಂದು ಲೇಖನ ಹೋಯಿತು ಎಂದು ಹೇಳಿಬಿಡುತ್ತೇನೆ" ಎಂದಾಗ ನನ್ನ ಹೆಂಡತಿ, "ರೀ, ಆಸ್ಪತ್ರೆಯಲ್ಲೂ ಹೀಗೇನಾ? ರಿಪೋರ್ಟ್ ಬರೋಕ್ಕೆ ಮುಂಚೆ ಮನೆಯವರಿಗೆ ಹೇಳಿಬಿಡ್ತೀರಾ?" ಎಂದಳು. ಮೂವತ್ತು ವರ್ಷ ವೈದ್ಯಕೀಯ ಮಾಡಿದವನಿಗೆ ಅದಕ್ಕಿಂತ ದೊಡ್ಡ ಏಟು ಬೇಡ. ಫೋನ್ ಕೆಳಗಿಟ್ಟೆ.

ಆ ರಾತ್ರಿ ಮಗಳಿಗೆ ಕರೆಮಾಡಿದೆ. ನಮಗೆ ಹತ್ತು ಗಂಟೆ, ಅವಳಿಗೆ ಮಿಷಿಗನ್ ಸಮಯ ಹನ್ನೊಂದು. "ಅಪ್ಪಾ, ಮೊದಲು ಆ ಫೈಲಿನ ಒಂದು ಕಾಪಿ ಬೇರೆ ಕಡೆ ಇಡು. ಆಮೇಲೆ ಪ್ಲಗಿನ್‌ಗಳನ್ನೆಲ್ಲ ನಿಲ್ಲಿಸಿ ಎಡಿಟರ್ ತೆರೆ" ಎಂದಳು. ಹಾಗೇ ಮಾಡಿದೆ. ಫೈಲ್ ನಗುನಗುತ್ತಾ ತೆರೆದುಕೊಂಡಿತು! ಒಂದಕ್ಷರವೂ ಹೋಗಿರಲಿಲ್ಲ. ಆರೋಗ್ಯವಾಗಿದ್ದವರಿಗೇ ನಾನು ಡೆತ್ ಸರ್ಟಿಫಿಕೇಟ್ ಬರೆಯಲು ಹೊರಟಿದ್ದೆ.

ಪ್ಲಗಿನ್ ಎಂದರೇನು ಎಂದು ಕೇಳುವ ನನ್ನಂಥವರಿಗಾಗಿ ಎರಡು ಮಾತು. ಎಡಿಟರ್ ಒಂದು ಮನೆ ಎಂದುಕೊಳ್ಳಿ. ಮನೆ ಕಟ್ಟಿದವರು ಒಬ್ಬರು, ಒಳಗೆ ಮಿಕ್ಸಿ, ಗ್ರೈಂಡರ್ ತಂದಿಟ್ಟವರು ಬೇರೆ ಬೇರೆಯವರು. ಈ ಉಪಕರಣಗಳೇ ಪ್ಲಗಿನ್‌ಗಳು. ಕಾಗುಣಿತ ನೋಡುವುದು, ಬಣ್ಣ ಕೊಡುವುದು, ಸಾಲು ಜೋಡಿಸುವುದು, ಹೀಗೆ ಒಂದೊಂದಕ್ಕೆ ಒಂದೊಂದು ಕೆಲಸ. ಮನೆಯ ವೈರಿಂಗ್ ಬದಲಾದರೆ ಹಳೆಯ ಉಪಕರಣ ಸುಟ್ಟುಹೋಗಬಹುದು. 2003ರಲ್ಲಿ ಡಾನ್ ಹೋ ಎಂಬುವರು ಶುರುಮಾಡಿದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅನ್ನೇ ನೋಡಿ. 2022ರಲ್ಲಿ ಅದರ 8.3ನೆಯ ಆವೃತ್ತಿ ಬಂದಾಗ, 2 ಗಿಗಾಬೈಟ್‌ಗಿಂತ ದೊಡ್ಡ ಫೈಲ್‌ಗಳನ್ನು ತೆರೆಯಲೆಂದು ಒಳಗಿನ ಕೆಲವು ಅಳತೆಗಳನ್ನು ಬದಲಾಯಿಸಿದರು. ಅದಕ್ಕೆ ಹೊಂದಿಕೊಳ್ಳಲು ಹಲವು 64-ಬಿಟ್ ಪ್ಲಗಿನ್‌ಗಳನ್ನು ಹೊಸದಾಗಿ ಸಿದ್ಧಪಡಿಸಬೇಕಾಯಿತು. ಇಲ್ಲಿ ಯಾರದೂ ತಪ್ಪಿಲ್ಲ, ಮನೆ ದೊಡ್ಡದಾಯಿತು ಅಷ್ಟೆ.

ಇನ್ನೊಂದು ವ್ಯತ್ಯಾಸವೂ ಇದೆ. ಆ ಎಡಿಟರಿನಲ್ಲಿ ಪ್ಲಗಿನ್ ಮತ್ತು ಎಡಿಟರ್ ಎರಡಕ್ಕೂ ಒಂದೇ ಉಸಿರು. ನಡುಮನೆಯಲ್ಲೇ ಸೀಮೆಎಣ್ಣೆ ಸ್ಟವ್ ಇಟ್ಟ ಹಾಗೆ, ಅದು ಸಿಡಿದರೆ ಮನೆಯೂ ಹೋಯಿತು. 2015ರಲ್ಲಿ ಬಂದ ವಿಷುಯಲ್ ಸ್ಟುಡಿಯೋ ಕೋಡ್ ತನ್ನ ಎಕ್ಸ್‌ಟೆನ್ಶನ್‌ಗಳನ್ನು ಬೇರೆ ಪ್ರಕ್ರಿಯೆಯಲ್ಲಿ ಓಡಿಸುತ್ತದೆ. ಹಿತ್ತಲಲ್ಲಿ ಬೇರೆ ಅಡುಗೆಮನೆ ಕಟ್ಟಿದ ಹಾಗೆ. ಸ್ಟವ್ ಸಿಡಿದರೂ ಸಾಮಾನ್ಯವಾಗಿ ಮನೆ ನಿಂತಿರುತ್ತದೆ, ಅಡುಗೆ ಮಾತ್ರ ಆಗುವುದಿಲ್ಲ.

ಸರಿ, ನಮ್ಮ ರೋಗಿಯ ಕಡೆ ಬರೋಣ. ಮಗಳ ಲ್ಯಾಪ್‌ಟಾಪ್‌ನಲ್ಲಿ ಇಪ್ಪತ್ನಾಲ್ಕು ಪ್ಲಗಿನ್‌ಗಳಿದ್ದವು. ಅಪರಾಧಿ ಯಾರು? ಒಂದೊಂದಾಗಿ ನೋಡಿದರೆ ಬೆಳಗಾಗುತ್ತದೆ. ಮಗಳು ಹೇಳಿದ ಉಪಾಯ ಅರ್ಧ ಮಾಡುವುದು. ಹನ್ನೆರಡನ್ನು ನಿಲ್ಲಿಸಿ ನೋಡು. ಕ್ರ್ಯಾಶ್ ಆದರೆ ಕಳ್ಳ ಚಾಲೂ ಇರುವ ಹನ್ನೆರಡರಲ್ಲಿದ್ದಾನೆ, ಆಗದಿದ್ದರೆ ನಿಲ್ಲಿಸಿದವುಗಳಲ್ಲಿ. ಮತ್ತೆ ಆರು, ಮೂರು, ಹೀಗೆ ಹೆಚ್ಚೆಂದರೆ ಐದು ಸಲಕ್ಕೆ ಸಿಕ್ಕಿಬೀಳುತ್ತಾನೆ.

ಮೊದಲ ಹನ್ನೆರಡನ್ನು ಮಾತ್ರ ಚಾಲೂ ಮಾಡಿದೆ, ಎಲ್ಲ ಸರಿ ಇತ್ತು. ಎರಡನೆಯ ಹನ್ನೆರಡನ್ನು ಮಾತ್ರ ಚಾಲೂ ಮಾಡಿದೆ, ಅದೂ ಸರಿ! ಇಪ್ಪತ್ನಾಲ್ಕನ್ನೂ ಚಾಲೂ ಮಾಡಿದರೆ ಕ್ರ್ಯಾಶ್. ಮಗಳು ಒಂದು ನಿಮಿಷ ಸುಮ್ಮನಾದಳು. ಇಲ್ಲಿ ನನಗೆ ಒಳಗೊಳಗೇ ಖುಷಿಯಾಯಿತು, ಏಕೆಂದರೆ ಇದು ನನ್ನ ಕ್ಷೇತ್ರ! "ಪುಟ್ಟಿ, ಕಳ್ಳ ಒಬ್ಬನಲ್ಲ, ಇಬ್ಬರು. ಇದು ಡ್ರಗ್ ಇಂಟರ್‌ಆ್ಯಕ್ಷನ್" ಎಂದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯ ಔಷಧಿಯೇ. ಮೂತ್ರದ ಸೋಂಕಿಗೆ ಕೊಡುವ ಸಲ್ಫಾ ಆಂಟಿಬಯಾಟಿಕ್ ಕೂಡ ಒಳ್ಳೆಯದೇ. ಎರಡೂ ಒಟ್ಟಿಗೆ ಸೇರಿದರೆ ಮೈಯೊಳಗೆ ರಕ್ತಸ್ರಾವವಾಗಬಹುದು. ಒಂದೊಂದನ್ನೇ ಪರೀಕ್ಷಿಸಿದರೆ ಎರಡೂ ನಿರಪರಾಧಿಗಳು.

ಹಾಗಾಗಿ ಹುಡುಕುವ ಕ್ರಮ ಬದಲಿಸಿದೆವು. ಮೊದಲ ಹನ್ನೆರಡನ್ನೂ ಚಾಲೂ ಇಟ್ಟು, ಎರಡನೆಯ ಗುಂಪನ್ನು ಮಾತ್ರ ಅರ್ಧರ್ಧ ಮಾಡುತ್ತಾ ಹೋದೆವು. ಒಂದು ಸಿಕ್ಕಿತು, ಕಾಗುಣಿತ ನೋಡುವ ಪ್ಲಗಿನ್. ಅದನ್ನು ಇಟ್ಟುಕೊಂಡು ಮೊದಲ ಗುಂಪನ್ನು ಅರ್ಧರ್ಧ ಮಾಡಿದೆವು. ಇನ್ನೊಂದು ಸಿಕ್ಕಿತು, ಸಾಲುಗಳಿಗೆ ಬಣ್ಣ ಹಚ್ಚುವ ಹಳೆಯ ಪ್ಲಗಿನ್. ಒಟ್ಟು ಹತ್ತು ಸಲ ಎಡಿಟರ್ ತೆರೆದು ಮುಚ್ಚಿದ್ದಾಯಿತು. ಪ್ರತಿ ಸಲದ ಫಲವನ್ನೂ ಪ್ರಿಸ್ಕ್ರಿಪ್ಷನ್ ಪ್ಯಾಡ್‌ನಲ್ಲಿ ಬರೆದುಕೊಂಡೆ. ಬರೆಯದಿದ್ದರೆ ನಾಲ್ಕನೆಯ ಸಲಕ್ಕೇ ದಾರಿ ತಪ್ಪುತ್ತಿತ್ತು.

ಆದರೆ ಆ ಒಂದೇ ಫೈಲ್‌ಗೆ ಏಕೆ ಹೀಗಾಯಿತು? ಎಡಿಟರ್ ಬರೆದಿಟ್ಟಿದ್ದ ಲಾಗ್ ನೋಡಿ ಮಗಳು ಕೊಟ್ಟ ವಿವರಣೆ ಹೀಗಿದೆ. ಕಂಪ್ಯೂಟರಿನಲ್ಲಿ ಒಂದು ಇಂಗ್ಲಿಷ್ ಅಕ್ಷರ ಎಂದರೆ ಒಂದು ಬೈಟ್. ನಮ್ಮದು ಹಾಗಲ್ಲ. 'ಲಕ್ಷ್ಮೀ' ಎಂಬುದು ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡಿನಲ್ಲಿ ಅದು ಏಳು ಸಂಕೇತ, ಯುಟಿಎಫ್-8 ಕ್ರಮದಲ್ಲಿ ಉಳಿಸಿದರೆ ತಲಾ ಮೂರರಂತೆ ಇಪ್ಪತ್ತೊಂದು ಬೈಟ್! ಒಂದು ಪ್ಲಗಿನ್ ಸಂಕೇತ ಎಣಿಸುತ್ತಿತ್ತು, ಇನ್ನೊಂದು ಬೈಟ್ ಎಣಿಸುತ್ತಿತ್ತು. ಗೌಡರ ಮನೆಯವರು ಆ ಲೇಖನದಲ್ಲಿ ಎಂಟರ್ ಒತ್ತದೆ ಇಡೀ ಪುಟವನ್ನು ಒಂದೇ ಸಾಲಾಗಿ ಬರೆದಿದ್ದರು. ಅಷ್ಟು ಉದ್ದದ ಸಾಲಿನಲ್ಲಿ ಲೆಕ್ಕ ಎಷ್ಟು ತಪ್ಪಿತೆಂದರೆ, ಒಂದು ಪ್ಲಗಿನ್ ತೋರಿಸಿದ ಜಾಗ ಇನ್ನೊಂದಕ್ಕೆ ಫೈಲಿನಿಂದಲೇ ಹೊರಗಿತ್ತು.

ನಮ್ಮ ಭಾಷೆಗಳಿಗೆ ಇದು ಹೊಸದಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಅಕ್ಷರ ಐಫೋನ್‌ಗಳ ಮೆಸೇಜ್ ಆ್ಯಪ್‌ಗಳನ್ನು ಕೆಡವುತ್ತಿದ್ದುದು ನೆನಪಿದೆಯೇ? ಆ ಅಕ್ಷರ ಯಾವುದು ಗೊತ್ತೇ? 'ಜ್ಞಾ'. ಜ್ಞಾನದ 'ಜ್ಞಾ'! ಆ್ಯಪಲ್‌ನವರು ಅದೇ ತಿಂಗಳು 11.2.6 ಎಂಬ ಆವೃತ್ತಿ ಹೊರಡಿಸಿ ಸರಿಪಡಿಸಿದರು. ಒತ್ತಕ್ಷರ, ಕಣ್ಣಿಗೆ ಕಾಣದ ಜೋಡಣೆಯ ಗುರುತು, ಇವನ್ನೆಲ್ಲ ಇಂಗ್ಲಿಷ್ ಮಾತ್ರ ನೋಡಿ ಬೆಳೆದ ಪ್ರೋಗ್ರಾಂಗಳು ಅನೇಕ ಸಲ ಅರಗಿಸಿಕೊಳ್ಳಲಾರವು. ನಮ್ಮ ಕೂಟದ ಎಂಜಿನಿಯರ್ ಮಿತ್ರರಲ್ಲಿ ಒಂದು ಕೋರಿಕೆ. ನೀವು ಬರೆದ ಪ್ರೋಗ್ರಾಂ ಪರೀಕ್ಷಿಸುವಾಗ ಒಂದು ಸಾಲು ಕನ್ನಡವನ್ನೂ ಉಣಿಸಿ ನೋಡಿ.

ಅಭ್ಯಾಸಬಲ, ಕೊನೆಗೆ ಒಂದು ಪ್ರಿಸ್ಕ್ರಿಪ್ಷನ್ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ:

1. ಎಡಿಟರ್ ಕ್ರ್ಯಾಶ್ ಆದರೆ ಮೊದಲು ಫೈಲಿನ ಪ್ರತಿ ತೆಗೆದಿಡಿ. ಮಿಕ್ಕಿದ್ದೆಲ್ಲ ಆಮೇಲೆ.

2. ಪ್ಲಗಿನ್ ಇಲ್ಲದೆ ತೆರೆದು ನೋಡಿ. ವಿಷುಯಲ್ ಸ್ಟುಡಿಯೋ ಕೋಡ್‌ನಲ್ಲಿ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ಒಮ್ಮೆಗೇ ನಿಲ್ಲಿಸುವ ಆದೇಶವಿದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅನ್ನೂ 'ನೋ ಪ್ಲಗಿನ್' ಆಯ್ಕೆಯೊಂದಿಗೆ ಶುರುಮಾಡಬಹುದು. ಆಗಲೂ ಬಿದ್ದರೆ ದೋಷ ಎಡಿಟರಿನದೋ ಫೈಲಿನದೋ ಇರಬೇಕು. ಬೀಳದಿದ್ದರೆ ಪ್ಲಗಿನ್‌ಗಳದು.

3. ಅರ್ಧರ್ಧ ಮಾಡಿ ಹುಡುಕಿ. ವಿಷುಯಲ್ ಸ್ಟುಡಿಯೋ ಕೋಡ್‌ನಲ್ಲಿ 'ಎಕ್ಸ್‌ಟೆನ್ಶನ್ ಬೈಸೆಕ್ಟ್' ಎಂಬ ಆದೇಶ ಈ ಕೆಲಸವನ್ನು ತಾನೇ ನಡೆಸಿಕೊಡುತ್ತದೆ. ಎರಡೂ ಅರ್ಧಗಳು ಸರಿಯಿದ್ದರೆ ಜೋಡಿ ಕಳ್ಳರನ್ನು ಶಂಕಿಸಿ.

4. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದನ್ನೂ ಬರೆದಿಡಿ.

5. ಎಡಿಟರ್ ಮತ್ತು ಪ್ಲಗಿನ್‌ಗಳ ಆವೃತ್ತಿ, 32-ಬಿಟ್ಟೋ 64-ಬಿಟ್ಟೋ ಎಂಬುದನ್ನು ಹೋಲಿಸಿ. ನಿನ್ನೆ ಏನು ಅಪ್‌ಡೇಟ್ ಆಯಿತು ಎಂದು ಕೇಳಿಕೊಳ್ಳಿ. ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದು ಆಪರೇಷನ್ ಇದ್ದ ಹಾಗೆ, ಅದು ಕೊನೆಯ ದಾರಿ.

6. ಬಳಸದ ಪ್ಲಗಿನ್ ತೆಗೆದುಹಾಕಿ. ಇಪ್ಪತ್ನಾಲ್ಕರಲ್ಲಿ ನನಗೆ ಬೇಕಿದ್ದುದು ಮೂರು.

ಒಂದು ಎಚ್ಚರಿಕೆ: ಎಲ್ಲವನ್ನೂ ನಿಲ್ಲಿಸಿ ನೋಡುವ ಈ ವಿಧಾನ ಪ್ಲಗಿನ್‌ಗಳಿಗೆ ಮಾತ್ರ, ನಿಮ್ಮ ಮಾತ್ರೆಗಳಿಗಲ್ಲ! ಮಾತ್ರೆಗಳನ್ನು, ಊರಿನಿಂದ ಬಂದ ಚೂರ್ಣ, ಲೇಹ್ಯಗಳನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ನಿಮ್ಮ ಡಾಕ್ಟರ ಬಳಿ ಹೋಗಿ ತೋರಿಸಿ.

ಮರುದಿನ ಗೌಡರಿಗೆ ಫೋನ್ ಮಾಡಿ ಆ ಹನ್ನೊಂದನೆಯ ಲೇಖನ ಓದಿ ಹೇಳಿದೆ. ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯಲು ಹೋಗಿ, ಹೊಗೆಯ ಅಲಾರಂ ಬಡಿದುಕೊಂಡು, ಇಡೀ ಅಪಾರ್ಟ್‌ಮೆಂಟಿನವರು ಹಿಮದಲ್ಲಿ ಬಂದು ನಿಂತ ಕಥೆ. ಒಂದು ಕಡೆ, "ವಸಿ ತಾಳಿ, ಇನ್ನು ನಾಕೇ ಮೆಣಸಿನಕಾಯಿ" ಎಂದಿದೆ. ಕಾಗುಣಿತದ ಪ್ಲಗಿನ್ 'ವಸಿ' ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದಿತ್ತು. "ಗೌಡ್ರೇ, ಇದನ್ನ 'ಸ್ವಲ್ಪ' ಅಂತ ಮಾಡಲಾ?" ಎಂದು ಕೇಳಿದೆ.

ಆ ಕಡೆಯಿಂದ ತುಸು ಹೊತ್ತು ಮಾತಿಲ್ಲ. ಆಮೇಲೆ, "ಬೇಡ ಡಾಕ್ಟ್ರೇ. ಅವಳು ಹಂಗೇ ಅಂತಿದ್ದದ್ದು" ಎಂದರು.

ಕಾಗುಣಿತದ ಪ್ಲಗಿನ್ ಅನ್ನು ತೆಗೆದೇಹಾಕಿದೆ. ಲೇಖನ ಇದೇ ಸಂಚಿಕೆಯ 'ಹಳೆಯ ನೆನಪು' ವಿಭಾಗದಲ್ಲಿದೆ, ತಪ್ಪದೆ ಓದಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಕೊಲೆಸ್ಟರಾಲ್‌ನೊಂದಿಗೆ ಭೇಟಿಯಾಗೋಣ. ಅಲ್ಲಿಯವರೆಗೆ ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳಿ, ಆದರೆ ತುಪ್ಪ ಮಾತ್ರ ವಸಿ!

— ನಿಮ್ಮ ಡಾಕ್ಟರು, ಎಂ.ಬಿ.ಬಿ.ಎಸ್., ಎಂ.ಡಿ., ನೇಪರ್‌ವಿಲ್