ಹಳೆಯ ಲ್ಯಾಪ್‌ಟಾಪಿಗೆ ಜ್ವರ ಬಂದರೆ

‘ಮೇಷ್ಟ್ರೇ, ಲ್ಯಾಪ್‌ಟಾಪ್ ಕಾದ ಹೆಂಚಾಗಿದೆ, ಹೊಸದು ಕೊಳ್ಳಬೇಕೇ?’ ಎಂದು ಪೋಷಕರು ಕೇಳುತ್ತಾರೆ. ಅವಸರ ಬೇಡ. ಬಿಸಿ ಹೆಚ್ಚಿದಾಗ ಪ್ರೊಸೆಸರ್ ಸುಡದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚುತ್ತದೆ, ಮೇಜಿನ ಮೇಲಿಡಿ. ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದಾಗಿ ಹಾಕಿಸಿ. ವಿದ್ಯಾರ್ಥಿಗಳೇ, ಗಾಳಿ ಶಾಖವನ್ನು ಚೆನ್ನಾಗಿ ಸಾಗಿಸದು. ಚಿಪ್ಪಿಗೂ ಲೋಹಕ್ಕೂ ನಡುವಿನ ಸಂದು ತುಂಬುವುದೇ ಪೇಸ್ಟಿನ ಕೆಲಸ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬಳಕೆ ಕೂಡಲೇ ನಿಲ್ಲಿಸಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನೇಕ ಹಳೆಯ ಯಂತ್ರಗಳಲ್ಲಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಉಚಿತವಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಬಹುದು. ಕಡತಗಳ ಪ್ರತಿ ತೆಗೆದಿಟ್ಟು, ಮೊದಲು ಪೆನ್‌ಡ್ರೈವ್‌ನಿಂದ ಚಲಾಯಿಸಿ ನೋಡಿ. ಓದು-ಬರಹಕ್ಕೆ ಅಷ್ಟು ಸಾಕು; ಉಳಿದ ಹಣ ಪುಸ್ತಕಕ್ಕಾಗಲಿ.