ಮೂರು ವರ್ಷದ ಬಿ.ಕಾಂ. ಅಮೆರಿಕದ ತಕ್ಕಡಿಯಲ್ಲಿ ಎಷ್ಟು ತೂಗುತ್ತೆ?



ಸ್ವಲ್ಪ ಉದ್ದದ ಪೋಸ್ಟು. ಮನೆಯಲ್ಲಿ, ಕೇರಿಯಲ್ಲಿ ಬಿ.ಕಾಂ. ಓದ್ತಿರೋ ಮಕ್ಕಳಿದ್ದರೆ ದಯವಿಟ್ಟು ಪೂರ್ತಿ ಓದಿ, ಅವರಿಗೂ ಓದಿಸಿ.

ಈಗ ಯಾವ ಕಾಮರ್ಸ್ ಕಾಲೇಜಿನ ಗೇಟಿಗೆ ಹೋದ್ರೂ, ಇನ್‌ಸ್ಟಾಗ್ರಾಮ್ ತೆಗೆದ್ರೂ ಒಂದೇ ಜಾಹೀರಾತು. ಅಮೆರಿಕದ ಸಿಪಿಎ ಆಗಿ, ಬೆಂಗಳೂರಲ್ಲೇ ಕೂತು ಆಗಿ, ಆರ್ಟಿಕಲ್‌ಶಿಪ್ ತಲೆನೋವಿಲ್ಲ. ನಮ್ಮಲ್ಲಿ ಸಿಎ ಹೇಗೋ ಅಲ್ಲಿ ಸಿಪಿಎ ಹಾಗೆ. ನಾಲ್ಕು ಪೇಪರು, ಪ್ರತಿಯೊಂದರಲ್ಲೂ 75 ಅಂಕ ಬರಬೇಕು. 2024ರ ಜನವರಿಯಿಂದ ಮೂರು ಕಡ್ಡಾಯ, ಒಂದು ನಮ್ಮ ಆಯ್ಕೆಯದ್ದು. 2020ರಿಂದ ಭಾರತದಲ್ಲೇ ಬರೀಬಹುದು, ಬೆಂಗಳೂರಲ್ಲೂ ಸೆಂಟರ್ ಇದೆ. ಅಮೆರಿಕದ ಕಂಪನಿಗಳ ಲೆಕ್ಕ, ತೆರಿಗೆ, ಆಡಿಟ್ ಕೆಲಸ ಎಷ್ಟೋ ಇಲ್ಲೇ ನಡೆಯೋದರಿಂದ ಕೆಲಸ ಇರೋದೂ ನಿಜ. ಹಾಗಾಗಿ ಇದೆಲ್ಲ ಬರೀ ಮೋಸ ಅಂತ ನಾನು ಹೇಳ್ತಿಲ್ಲ.

ನನ್ನ ತಕರಾರು ಜಾಹೀರಾತಿನಲ್ಲಿ ಇಲ್ಲದ ಮಾತಿನ ಬಗ್ಗೆ. ಪರೀಕ್ಷೆಗೆ ಕೂರುವ ಅರ್ಹತೆ ಬೇರೆ, ಲೈಸೆನ್ಸ್ ಪಡೆಯುವ ಅರ್ಹತೆ ಬೇರೆ. ಇದನ್ನು ತೀರ್ಮಾನ ಮಾಡೋದು ಕೋಚಿಂಗ್ ಸೆಂಟರೂ ಅಲ್ಲ, ಅಮೆರಿಕದ ಕೇಂದ್ರ ಸರ್ಕಾರವೂ ಅಲ್ಲ. ರಾಜ್ಯಗಳು, ಅವರ ಅಧೀನದ ಪ್ರದೇಶಗಳು ಸೇರಿ 55 ಮಂಡಳಿಗಳಿವೆ, ಒಂದೊಂದಕ್ಕೂ ಅದರದ್ದೇ ನಿಯಮ. ಬಹಳಷ್ಟು ಕಡೆ ಪರೀಕ್ಷೆಗೆ ಕೂರಲು 120 ಕ್ರೆಡಿಟ್ ಬೇಕು. ಲೈಸೆನ್ಸಿಗೆ 150 ಅನ್ನೋದು ದಶಕಗಳಿಂದ ನಡೆದು ಬಂದಿದೆ. ಕೆಲವು ಕಡೆ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೂಡ ಕೇಳ್ತಾರೆ.

ಈಗ ನಮ್ಮ ಡಿಗ್ರಿ ತಕ್ಕಡಿಗೆ ಹಾಕಿ. ಭಾರತದ ಒಂದು ವರ್ಷದ ಓದನ್ನು ಸಾಮಾನ್ಯವಾಗಿ 30 ಕ್ರೆಡಿಟ್ ಅಂತ ಲೆಕ್ಕ ಹಿಡೀತಾರೆ. ಮೂರು ವರ್ಷದ ಬಿ.ಕಾಂ. ಅಂದ್ರೆ 90. ಅಲ್ಲಿಗೆ ಲೈಸೆನ್ಸ್ ಇರಲಿ, ಬಹಳಷ್ಟು ಕಡೆ ಪರೀಕ್ಷಾ ಹಾಲ್‌ನ ಬಾಗಿಲೂ ತೆರೆಯಲ್ಲ.

ನಮ್ಮ ಪರಿಚಯದ ಒಂದು ಹುಡುಗಿ ತಾಲ್ಲೂಕು ಸರ್ಕಾರಿ ಕಾಲೇಜಲ್ಲಿ ಬಿ.ಕಾಂ. ಮುಗಿಸಿದಳು. ಅಪ್ಪ ಪೌರಕಾರ್ಮಿಕ. ಕೋಚಿಂಗ್‌ನವರು ಮೊದಲು ಫೀಸಿನ ಕಂತು ಕಟ್ಟಿಸಿಕೊಂಡರು, ಅದಕ್ಕೆ ಸಾಲದ ಕಂಪನಿಯನ್ನೂ ಅವರೇ ತೋರಿಸಿದರು. ಆರು ತಿಂಗಳಾದ ಮೇಲೆ ‘ಮೇಡಂ, ನಿಮಗೆ ಕ್ರೆಡಿಟ್ ಕಮ್ಮಿ ಇದೆ, ಬ್ರಿಡ್ಜ್ ಕೋರ್ಸ್ ಮಾಡಿ’ ಅಂದರು. ಅದಕ್ಕೆ ಬೇರೆ ದುಡ್ಡು. ಮಾರ್ಕ್ಸ್ ಕಾರ್ಡ್ ಮೊದಲ ದಿನವೇ ಅವರ ಕೈಲಿತ್ತು, ಮೂರನ್ನು ಮೂವತ್ತರಿಂದ ಗುಣಿಸೋಕೆ ಆರು ತಿಂಗಳು ಬೇಕಿತ್ತಾ?

ಇನ್ನೊಂದು ಸೂಕ್ಷ್ಮ ಇದೆ. ಪದವಿ ತೂಗುವ ಕೆಲವು ಸಂಸ್ಥೆಗಳು ನ್ಯಾಕ್ ‘ಎ’ ದರ್ಜೆಯ ಸಂಸ್ಥೆಯಿಂದ ಬಂದ ಫಸ್ಟ್ ಕ್ಲಾಸ್ ಪದವಿಯನ್ನು, ಮೂರೇ ವರ್ಷದ್ದಾದರೂ, ಅಮೆರಿಕದ ಪದವಿಗೆ ಸಮ ಅಂತ ಒಪ್ಪುತ್ತವೆ. ಆ ‘ಎ’ ದರ್ಜೆ ಕಾಲೇಜುಗಳಲ್ಲಿ ಕೂತಿರೋರು ಯಾರ ಮಕ್ಕಳು, ಕಾಯಂ ಮೇಷ್ಟ್ರಿಲ್ಲದ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಮುಷ್ಕರ ಮುಗಿಯಲಿ ಅಂತ ಕಾಯೋರು ಯಾರ ಮಕ್ಕಳು ಅಂತ ನಿಮಗೆ ನಾನು ಹೇಳಬೇಕಿಲ್ಲ. ನಿಯಮದಲ್ಲಿ ಜಾತಿಯ ಹೆಸರೇ ಇಲ್ಲ, ಆದರೂ ಅದು ನಮ್ಮ ಮಕ್ಕಳನ್ನೇ ಹುಡುಕಿಕೊಂಡು ಬರುತ್ತೆ.

ಹಾಗಾದ್ರೆ ದಾರಿ? ಇದೆ, ಅದು ಬ್ರಿಡ್ಜ್ ಕೋರ್ಸಿಗಿಂತ ಎಷ್ಟೋ ಅಗ್ಗ. ಬಿ.ಕಾಂ. ಜೊತೆ ಎರಡು ವರ್ಷದ ಎಂ.ಕಾಂ. ಸೇರಿದರೆ 90ಕ್ಕೆ 60 ಕೂಡಿ ಸುಮಾರು 150 ಆಗುತ್ತೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ, ಹಾಸ್ಟೆಲ್ ಇಟ್ಟುಕೊಂಡು, ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದಲ್ಲಿ ಮುಗಿಸಬಹುದಾದ ಓದು ಇದು. ಒಟ್ಟು ಕ್ರೆಡಿಟ್ ಸಾಲದು, ಅದರಲ್ಲಿ ಅಕೌಂಟಿಂಗ್, ಬಿಸಿನೆಸ್ ವಿಷಯಗಳು ಇಂತಿಷ್ಟು ಇರಬೇಕು ಅಂತಲೂ ನಿಯಮ ಇರುತ್ತೆ. ಅದಕ್ಕೆ ಪ್ರತಿ ಸೆಮಿಸ್ಟರಿನ ಸಿಲಬಸ್ ಪ್ರತಿ ಜೋಪಾನವಾಗಿಡಿ. ಯಾವ ರಾಜ್ಯದ ಮಂಡಳಿ ಅಂತ ಮೊದಲು ನಿರ್ಧರಿಸಿ, ಅದರ ನಿಯಮವನ್ನು ನೀವೇ ಓದಿ, ಪದವಿ ತೂಗಿಸಿ. ಕೋಚಿಂಗಿಗೆ ದುಡ್ಡು ಕಟ್ಟೋ ಮಾತು ಆಮೇಲೆ.

ತೂಗಿಸೋದು ಅಂದೆ, ಅದೂ ಸಣ್ಣ ಕೆಲಸ ಅಲ್ಲ. ಟ್ರಾನ್ಸ್‌ಕ್ರಿಪ್ಟನ್ನು ವಿಶ್ವವಿದ್ಯಾಲಯವೇ ಸೀಲ್ ಮಾಡಿ ಕಳಿಸಬೇಕು. ಪರೀಕ್ಷಾಂಗ ವಿಭಾಗದ ಕೌಂಟರಿನಲ್ಲಿ ‘ನಾಳೆ ಬಾ’ ಅನ್ನೋ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಇನ್ನು ಹೆಸರು. ಪರೀಕ್ಷಾ ಕೇಂದ್ರದಲ್ಲಿ ಪಾಸ್‌ಪೋರ್ಟಿನ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆ ಆಗದಿದ್ರೆ ಒಳಗೆ ಬಿಡಲ್ಲ, ಕಟ್ಟಿದ ನೂರಾರು ಡಾಲರ್ ಹೋದಂತೆ. ನಮ್ಮವರ ಹೆಸರುಗಳ ಕಥೆ ಗೊತ್ತಲ್ಲ. ಅವ್ವ ಇಟ್ಟದ್ದು ಒಂದು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಇನ್ನೊಂದು, ಇನಿಷಿಯಲ್ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ. ಮೊದಲ ವರ್ಷದ ಡಿಗ್ರಿಯಲ್ಲೇ ಇದನ್ನು ಸರಿ ಮಾಡಿಸಿಕೊಳ್ಳಿ.

ಈಗ ನಮ್ಮ ಬಳಗದೊಳಗಿನ ಒಂದು ಮಾತು. ನಾಲ್ಕು ವರ್ಷದ ಡಿಗ್ರಿಯನ್ನು ನಾವೆಲ್ಲ ವಿರೋಧಿಸಿದ್ವಿ. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಬಂದ ಮೇಲೆ 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷಕ್ಕೆ ವಾಪಸ್ ಬಂತು. ನಾನು ಇವತ್ತೂ ಅದರ ಪರವೇ. ನಾಲ್ಕನೇ ವರ್ಷ ಅಂದ್ರೆ ಕೂಲಿ ಮಾಡೋ ಮನೆಗೆ ಇನ್ನೊಂದು ವರ್ಷದ ಹೊರೆ, ಹೆಣ್ಣುಮಕ್ಕಳಿಗೆ ಮದುವೆಯ ಒತ್ತಡ. ಆದರೆ ಹೊರಗಿನ ತಕ್ಕಡಿಯಲ್ಲಿ 30 ಕ್ರೆಡಿಟ್ ಕಮ್ಮಿ ಬೀಳುತ್ತೆ ಅನ್ನೋದನ್ನ ನಾವು ಮಾತಾಡದೆ ಬಿಟ್ಟರೆ, ಆ ಜಾಗದಲ್ಲಿ ಕೋಚಿಂಗ್‌ನವರು ಅಂಗಡಿ ಇಡ್ತಾರೆ, ಇಟ್ಟಿದ್ದಾರೆ ಕೂಡ. ಬೇಕಾದವರಿಗೆ ಮಾತ್ರ, ಸರ್ಕಾರಿ ಶುಲ್ಕದಲ್ಲಿ, ಒಂದು ವರ್ಷದ ಡಿಪ್ಲೊಮಾವನ್ನು ನಮ್ಮ ವಿಶ್ವವಿದ್ಯಾಲಯಗಳೇ ಯಾಕೆ ಕೊಡಬಾರದು?

ಅಮೆರಿಕದಲ್ಲೂ 150ರ ಬಗ್ಗೆ ಜಗಳ ನಡೆದಿದೆ. ಐದನೇ ವರ್ಷದ ಖರ್ಚಿನಿಂದ ಕರಿಯರು ಮತ್ತು ಇತರ ಅಲ್ಪಸಂಖ್ಯಾತರೇ ಹೆಚ್ಚು ಹೊರಗುಳಿದರು ಅಂತ ಅಲ್ಲಿನ ಸಂಶೋಧಕರೇ ಹೇಳಿದ್ದಾರೆ. 2025ರ ಜನವರಿಯಲ್ಲಿ ಒಹಾಯೊ ರಾಜ್ಯ ಹೊಸ ಕಾನೂನು ಮಾಡ್ತು: ಪದವಿ, ಪರೀಕ್ಷೆ, ಜೊತೆಗೆ ಎರಡು ವರ್ಷದ ಅನುಭವ ಇದ್ದರೆ ಸಾಕು, 150 ಬೇಡ. ಜಾರಿ 2026ರ ಜನವರಿ 1ರಿಂದ. ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದಿವೆ. ಕೋಚಿಂಗ್‌ನವರು ಇದನ್ನೇ ಸಿಹಿಸುದ್ದಿ ಅಂತ ಹಂಚ್ತಿದ್ದಾರೆ.

ನಾನು ಅಷ್ಟು ಬೇಗ ಸಿಹಿ ತಿನ್ನಲ್ಲ. ಯಾಕಂದ್ರೆ ಹಳೇ ದಾರಿಯಲ್ಲಿ ಒಂದು ವರ್ಷ ಸಾಕಿದ್ದ ಅನುಭವ ಇಲ್ಲಿ ಎರಡು ವರ್ಷ ಆಯ್ತು. ಆ ಅನುಭವಕ್ಕೆ ಲೈಸೆನ್ಸ್ ಇರೋ ಅಕೌಂಟೆಂಟ್ ಒಬ್ಬರು ಸಹಿ ಹಾಕಬೇಕು. ಕೆಲಸ ಕೊಡೋದು ಯಾರು, ಸಹಿ ಹಾಕೋದು ಯಾರು?

ಜಾನ್ ಕ್ರಾಮ್‌ವೆಲ್ ಜೂನಿಯರ್ ಅಂತ ಒಬ್ಬರಿದ್ದರು, ಅಮೆರಿಕದ ಮೊದಲ ಕಪ್ಪು ಸಿಪಿಎ. ಡಾರ್ಟ್‌ಮತ್‌ನಲ್ಲಿ ಓದಿದವರು. ಇದ್ದದ್ದು ವಾಷಿಂಗ್ಟನ್ನಿನಲ್ಲಿ, 1921ರಲ್ಲಿ ಸಿಪಿಎ ಆಗಿದ್ದು ಮಾತ್ರ ದೂರದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ. ಕಾರಣ, ಅಲ್ಲಿ ಅನುಭವದ ಷರತ್ತು ಇರಲಿಲ್ಲ. ಉಳಿದ ಕಡೆ ಸಿಪಿಎ ಕೈಕೆಳಗೆ ಕೆಲಸ ಮಾಡಿರಬೇಕಿತ್ತು, ಬಿಳಿಯರ ಆಫೀಸುಗಳು ಕರಿಯರನ್ನು ಸೇರಿಸಿಕೊಳ್ತಿರಲಿಲ್ಲ. ಪರೀಕ್ಷೆ ಪಾಸ್ ಮಾಡೋ ಬುದ್ಧಿಗೆ ಕೊರತೆ ಇರಲಿಲ್ಲ, ಒಳಗೆ ಕೂರಿಸಿಕೊಳ್ಳೋ ಕುರ್ಚಿ ಇರಲಿಲ್ಲ. ನಮ್ಮ ಸಿಎ ಆರ್ಟಿಕಲ್‌ಶಿಪ್ ಹುಡುಕಿ ಅಲೆದ ಮಕ್ಕಳನ್ನು ಕೇಳಿ. ‘ಯಾರ ರೆಫರೆನ್ಸ್? ಊರಲ್ಲಿ ಯಾವ ಕಡೆಯವರು?’ ಇವೇ ಪ್ರಶ್ನೆಗಳು. ಈ ತಲೆನೋವು ಬೇಡ ಅಂತಲೇ ಅಲ್ವಾ ನಮ್ಮವರು ಸಿಪಿಎ ಕಡೆ ನೋಡಿದ್ದು.

ಬಾಬಾಸಾಹೇಬರನ್ನು ಇಲ್ಲಿ ನೆನೆಯದೆ ಇರೋಕಾಗಲ್ಲ. 1917ರಲ್ಲಿ ಕೊಲಂಬಿಯಾದ ಎಂ.ಎ. ಹಿಡಿದು ಬರೋಡಾಕ್ಕೆ ಬಂದವರು ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಪ್ರೊಬೇಷನರ್ ಆಗಿದ್ದರು. ಪಾರ್ಸಿ ಛತ್ರದಿಂದ ಅವರನ್ನು ದೊಣ್ಣೆ ಹಿಡಿದು ಹೊರಹಾಕಿದಾಗ ವಿದೇಶಿ ಪದವಿ ಅವರಿಗೆ ಒಂದು ಕೋಣೆಯನ್ನೂ ಕೊಡಿಸಲಿಲ್ಲ. ಅದೇ ಬಾಬಾಸಾಹೇಬರು 1925ರಿಂದ 1928ರವರೆಗೆ ಮುಂಬೈನ ಬಾಟ್ಲಿಬಾಯ್ ಅಕೌಂಟೆನ್ಸಿ ತರಬೇತಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಪಾಠ ಮಾಡಿದರು. ಅಕೌಂಟೆನ್ಸಿ ನಮಗೆ ಹೊಸ ಬೀದಿಯಲ್ಲ.

ಸಮಾಜ ಕಲ್ಯಾಣ ಇಲಾಖೆ ಯುಪಿಎಸ್‌ಸಿ, ಕೆಎಎಸ್, ಬ್ಯಾಂಕಿಂಗ್‌ಗೆ ಕೋಚಿಂಗ್ ಕೊಡಿಸುತ್ತೆ, ಒಳ್ಳೆಯದು. ವಿದೇಶಕ್ಕೆ ಹೋಗಿ ಓದೋರಿಗೆ ಪ್ರಬುದ್ಧ ಯೋಜನೆ ಇದೆ. ಆದರೆ ಇಲ್ಲೇ ಕೂತು ವಿದೇಶದ ವೃತ್ತಿ ಪರೀಕ್ಷೆ ಬರೆಯೋ ಮಗು ಇವೆರಡರ ಮಧ್ಯೆ ಬೀಳುತ್ತೆ. ಒಂದೊಂದು ಪೇಪರಿಗೆ ನೂರಾರು ಡಾಲರ್, ಅಮೆರಿಕದ ಹೊರಗೆ ಬರೆದರೆ ಮೇಲೆ ಇನ್ನೂ ನೂರಾರು. ಪದವಿ ತೂಗಿಸುವ ಶುಲ್ಕ ಮತ್ತು ಪರೀಕ್ಷಾ ಶುಲ್ಕವನ್ನು ಇಲಾಖೆ ಭರಿಸಲಿ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳ ಟ್ರಾನ್ಸ್‌ಕ್ರಿಪ್ಟನ್ನು ಹದಿನೈದು ದಿನದೊಳಗೆ ಉಚಿತವಾಗಿ ಕೊಡಿ ಅಂತ ವಿಶ್ವವಿದ್ಯಾಲಯಗಳಿಗೆ ಸುತ್ತೋಲೆ ಹೋಗಲಿ. ಮನವಿಯ ಕರಡು ಬರೀತಿದ್ದೀನಿ.

ಟ್ರಾನ್ಸ್‌ಕ್ರಿಪ್ಟಿಗೆ ಎಷ್ಟು ದಿನ ಅಲೆದಿರಿ, ಎಷ್ಟು ಕಟ್ಟಿದಿರಿ, ಯಾವ ವಿಶ್ವವಿದ್ಯಾಲಯ ಅಂತ ಇನ್‌ಬಾಕ್ಸಿಗೆ ಕಳಿಸಿ, ಹೆಸರು ಎಲ್ಲೂ ಹಾಕಲ್ಲ. ಆಗಲೇ ಸಿಪಿಎ ಮುಗಿಸಿರೋ ನಮ್ಮವರು ಯಾರಾದ್ರೂ ಇದ್ದರೆ, ಭಾನುವಾರ ಒಂದು ಗಂಟೆ ಹಾಸ್ಟೆಲ್ ಮಕ್ಕಳ ಜೊತೆ ಮಾತಾಡೋಕೆ ಬರ್ತೀರಾ?